ಬೇಸಿಗೆ ರಜೆಯಲ್ಲಿ ಗಣಿತ ಸಂಶೋಧನೆ: ದೇವಾಲದ ಪದವಿ ವಿದ್ಯಾರ್ಥಿಗಳು ಅರಿಯಬೇಕಾದುದು

ಗೂಡಲೂರಿನಿಂದ ಪಂದಲೂರಿಗೆ ಹೋಗುವ ದಾರಿಯಲ್ಲಿರುವ ದೇವಾಲ ಹಾಗೂ ಅದರ ಸುತ್ತಲಿನ ತೋಟದ ಊರುಗಳಿಂದ ಗೂಡಲೂರು, ಉದಕಮಂಡಲ, ಕೊಯಮತ್ತೂರುಗಳ ಕಾಲೇಜುಗಳಿಗೆ ಹೋಗಿ ಬಿ.ಎಸ್ಸಿ. ಗಣಿತ ಓದುವ ಮಕ್ಕಳು ನಮ್ಮ ಕನ್ನಡ ಮನೆಗಳಲ್ಲೂ ಇದ್ದಾರೆ. ಬೇಸಿಗೆಯ ಪರೀಕ್ಷೆ ಮುಗಿದೊಡನೆ ಅವರೆದುರು ಸಾಮಾನ್ಯವಾಗಿ ಎರಡೇ ದಾರಿಗಳಿರುತ್ತವೆ: ಅಂಗಡಿಯಲ್ಲೋ ತೋಟದಲ್ಲೋ ರಜೆಯ ಕೆಲಸ, ಇಲ್ಲವೇ ಬ್ಯಾಂಕ್ ಪರೀಕ್ಷೆಯ ತರಬೇತಿ. ಮೂರನೆಯ ದಾರಿಯೊಂದು ಇದೆ ಎಂಬುದು ಬಹುತೇಕರಿಗೆ ತಿಳಿಯುವುದು ಅದರ ಅರ್ಜಿಯ ಗಡುವು ಕಳೆದ ಮೇಲೆ. ಆ ಮೂರನೆಯ ದಾರಿಯನ್ನು ಇಲ್ಲಿ ವಿವರಿಸಬಯಸುತ್ತೇವೆ.

ಪದವಿ ಹಂತದ ಗಣಿತ ವಿದ್ಯಾರ್ಥಿಗಳಿಗಾಗಿ ದೇಶದಲ್ಲಿ ಪ್ರತಿ ಬೇಸಿಗೆಯಲ್ಲೂ ನಾಲ್ಕರಿಂದ ಎಂಟು ವಾರಗಳ ಅಧ್ಯಯನ ಮತ್ತು ಸಂಶೋಧನಾ ಕಾರ್ಯಕ್ರಮಗಳು ನಡೆಯುತ್ತವೆ. ಗಡಿನಾಡಿನವರಾದ ನಮಗೆ ಇವುಗಳಲ್ಲಿ ಮೊದಲು ಕಾಣುವ ವಿಶೇಷವೊಂದಿದೆ. ಕರ್ನಾಟಕದ ಸೌಲಭ್ಯ ಕೇಳಹೋದರೆ ಅಲ್ಲಿನ ವಾಸದ ಅಥವಾ ವ್ಯಾಸಂಗದ ದಾಖಲೆ ಬೇಕು. ತಮಿಳುನಾಡಿನಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಈ ಕಾರ್ಯಕ್ರಮಗಳು ರಾಷ್ಟ್ರಮಟ್ಟದವು. ಅಭ್ಯರ್ಥಿ ಯಾವ ರಾಜ್ಯದವನು, ಅವನ ಮಾತೃಭಾಷೆ ಯಾವುದು ಎಂಬುದರ ಮೇಲೆ ಆಯ್ಕೆ ನಿಂತಿಲ್ಲ. ಮೇಲಾಗಿ ಗಣಿತಕ್ಕೆ ಪ್ರಯೋಗಾಲಯ ಬೇಡ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ತನ್ನ ಕಾಲೇಜಿನಲ್ಲಿ ಒಳ್ಳೆಯ ಉಪಕರಣವಿಲ್ಲ ಎಂಬ ಕೊರತೆ ಕಡೆಯವರೆಗೂ ಕಾಡಬಹುದು. ಗಣಿತದವನಿಗೆ ಕಾಗದ, ಪೆನ್ನು ಮತ್ತು ಪ್ರಶ್ನೆ ಕೇಳುವ ಒಬ್ಬ ಜೊತೆಗಾರ ಸಾಕು.

ಕಷ್ಟವಿರುವುದು ಆ ಜೊತೆಗಾರ ಸಿಗುವುದರಲ್ಲಿ. ಇದಕ್ಕೆ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರ ಬದುಕು ಒಳ್ಳೆಯ ನಿದರ್ಶನ. 1905ರಲ್ಲಿ ಜನಿಸಿದ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು, ನಾಸಿಕದ ಬಳಿಯ ದೇವಳಾಲಿ ಎಂಬ ಊರಿನಲ್ಲಿ ಶಾಲಾ ಶಿಕ್ಷಕರಾಗಿ 1962ರವರೆಗೆ ದುಡಿದರು. ಸ್ನಾತಕೋತ್ತರ ಪದವಿಯಾಗಲಿ ಸಂಶೋಧನಾ ಸಂಸ್ಥೆಯ ಆಶ್ರಯವಾಗಲಿ ಅವರಿಗಿರಲಿಲ್ಲ. ತಾವು ಗುರುತಿಸಿದ ಒಂದು ಬಗೆಯ ಸಂಖ್ಯೆಗಳಿಗೆ ತಮ್ಮ ಊರಿನ ಹೆಸರನ್ನೇ ಇಟ್ಟರು. (ನಮ್ಮ ದೇವಾಲಕ್ಕೂ ಆ ದೇವಳಾಲಿಗೂ ಹೆಸರಿನ ಹೋಲಿಕೆಯಷ್ಟೇ ನಂಟು, ಆದರೂ ಹೇಳದೆ ಇರಲಾಗಲಿಲ್ಲ.) 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಪತ್ರಿಕೆಯೊಂದರ ತಮ್ಮ ಅಂಕಣದಲ್ಲಿ ಬರೆದ ಬಳಿಕವೇ ಲೋಕ ಅವರತ್ತ ತಿರುಗಿ ನೋಡಿದ್ದು. ಆಗ ಅವರಿಗೆ ಎಪ್ಪತ್ತು ವರ್ಷ.

ಸಂಶೋಧನೆ ಎಂಬ ಪದವೇ ಹಲವರನ್ನು ಹೆದರಿಸುತ್ತದೆ. ಕಾಪ್ರೇಕರ್ ಅವರ ಅತ್ಯಂತ ಪ್ರಸಿದ್ಧ ಸಂಖ್ಯೆಯನ್ನೇ ತೆಗೆದುಕೊಂಡು ಅದರ ಅರ್ಥವನ್ನು ನೋಡೋಣ. ನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ಬರೆಯಿರಿ. ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು, ಅಷ್ಟೆ. ಉದಾಹರಣೆಗೆ 3524. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ 5432, ಏರಿಕೆಯ ಕ್ರಮದಲ್ಲಿ 2345, ಕಳೆದರೆ 3087. ಅದನ್ನೇ ಮತ್ತೆ ಹಾಗೆ ಮಾಡಿ: 8730ರಿಂದ 0378 ಕಳೆದರೆ 8352. ಇನ್ನೊಮ್ಮೆ: 8532ರಿಂದ 2358 ಕಳೆದರೆ 6174. ಇದರ ಮೇಲೆ ಅದೇ ಕ್ರಿಯೆಯನ್ನು ನಡೆಸಿದರೆ 6174 ಅಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇಲ್ಲಿಗೇ ಬಂದು ಸೇರುತ್ತೇವೆ.

ಇಲ್ಲಿಯವರೆಗಿನದು ಚಮತ್ಕಾರ; ಜಾತ್ರೆಯಲ್ಲಿ ತೋರಿಸಬಹುದಾದ ಆಟ. ಹತ್ತು ಸಾವಿರ ಸಂಖ್ಯೆಗಳನ್ನೂ ಗಣಕಯಂತ್ರದಿಂದ ಪರೀಕ್ಷಿಸಿ ನಿಜವೆಂದು ಒಪ್ಪಬಹುದು. ಗಣಿತದ ಕೆಲಸ ಆರಂಭವಾಗುವುದು 'ಹೀಗೇಕೆ?' ಎಂದಾಗ. ಇಳಿಕೆಯ ಕ್ರಮದಲ್ಲಿ ಜೋಡಿಸಿದ ಅಂಕಿಗಳನ್ನು ಅ, ಬ, ಕ, ಡ ಎನ್ನೋಣ. ಎರಡು ಸಂಖ್ಯೆಗಳ ವ್ಯತ್ಯಾಸವನ್ನು ಬಿಡಿಸಿ ಬರೆದರೆ, ಅ ಮತ್ತು ಡ ಗಳ ಅಂತರದ 999 ಪಟ್ಟಿಗೆ ಬ ಮತ್ತು ಕ ಗಳ ಅಂತರದ 90 ಪಟ್ಟನ್ನು ಕೂಡಿಸಿದಂತಾಗುತ್ತದೆ. 3524ರಲ್ಲಿ ಮೊದಲನೆಯ ಅಂತರ 3, ಎರಡನೆಯದು 1. 2997 ಮತ್ತು 90 ಸೇರಿ 3087. ಅಂದರೆ ಮುಂದಿನ ಹೆಜ್ಜೆಯನ್ನು ನಿರ್ಧರಿಸುವುದು ಈ ಎರಡು ಅಂತರಗಳು ಮಾತ್ರ. ಮೊದಲನೆಯದು 1ರಿಂದ 9ರವರೆಗೆ ಇರಬಹುದು. ಎರಡನೆಯದು ಸೊನ್ನೆಯಿಂದ ಮೊದಲನೆಯದರಷ್ಟರವರೆಗೆ. ಎಣಿಸಿದರೆ ಒಟ್ಟು 54 ಜೋಡಿಗಳು. ಹತ್ತು ಸಾವಿರದ ಪರೀಕ್ಷೆ ಐವತ್ತನಾಲ್ಕಕ್ಕೆ ಇಳಿಯಿತು. ಒಂದು ಮಳೆಯ ಮಧ್ಯಾಹ್ನದಲ್ಲಿ ಕೈಯಲ್ಲೇ ಮುಗಿಸಬಹುದಾದ ಕೆಲಸ. ಮುಂದಿನ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಮೂರು ಅಂಕಿಗಳಾದರೆ 495 ಸಿಗುತ್ತದೆ. ಎರಡು ಅಂಕಿಗಳಾದರೆ ಯಾವುದೂ ನಿಲ್ಲದೆ 9, 81, 63, 27, 45 ಎಂದು ಸುತ್ತುತ್ತಲೇ ಇರುತ್ತದೆ. ಐದಾದರೆ? ಹತ್ತರ ಬದಲು ಎಂಟರ ಆಧಾರದಲ್ಲಿ ಬರೆದರೆ? ಬೇಸಿಗೆಯ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ಮಾಡುವುದು ಈ ಜಾತಿಯ ಕೆಲಸವನ್ನು, ಇನ್ನಷ್ಟು ಆಳವಾದ ವಿಷಯಗಳಲ್ಲಿ, ತಿಳಿದವರೊಬ್ಬರ ಕಣ್ಣೆದುರಿನಲ್ಲಿ.

ಈಗ ಕಾರ್ಯಕ್ರಮಗಳಿಗೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೆ ಮೊದಲ ಮೆಟ್ಟಿಲಾಗಿ ಎಂ.ಟಿ.ಟಿ.ಎಸ್. ಎಂದು ಹೆಸರಾದ ಗಣಿತ ತರಬೇತಿ ಮತ್ತು ಪ್ರತಿಭಾಶೋಧ ಕಾರ್ಯಕ್ರಮಕ್ಕಿಂತ ತಕ್ಕುದು ಬೇರೆ ಇಲ್ಲ. ಪ್ರಾಧ್ಯಾಪಕ ಎಸ್. ಕುಮರೇಶನ್ ಅವರು 1993ರಲ್ಲಿ ಆರಂಭಿಸಿದ ಇದು ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ನೆರವಿನಿಂದ ಬೆಳೆದು ಬಂದಿದೆ. ದೇಶದ ಹಲವು ಕೇಂದ್ರಗಳಲ್ಲಿ ನಾಲ್ಕು ವಾರ ನಡೆಯುತ್ತದೆ. ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಹಿಂದೆ ಇದಕ್ಕೆ ಕೇಂದ್ರವಾಗಿತ್ತು. ಪದವಿಯ ಎರಡನೆಯ ವರ್ಷದವರಿಗೆ ಒಂದು ಹಂತ, ಮೂರನೆಯ ವರ್ಷದವರಿಗೆ ಮತ್ತೊಂದು, ಎಂ.ಎಸ್ಸಿ. ಮೊದಲ ವರ್ಷದವರಿಗೆ ಇನ್ನೊಂದು. ಆಯ್ಕೆಯಾದವರಿಗೆ ಊಟ ವಸತಿ ಉಚಿತ. ರೈಲಿನ ಸ್ಲೀಪರ್ ದರ್ಜೆಯ ಪ್ರಯಾಣ ವೆಚ್ಚವನ್ನೂ ಕೊಡುವುದು ಅಲ್ಲಿನ ಪದ್ಧತಿ.

ನಿಜ ಹೇಳಬೇಕೆಂದರೆ ಎಂ.ಟಿ.ಟಿ.ಎಸ್. ಸಂಶೋಧನೆಯಲ್ಲ, ಸಂಶೋಧನೆಗೆ ಬೇಕಾದ ಮನಸ್ಸನ್ನು ಹದಗೊಳಿಸುವ ಕ್ರಮ. ಅಲ್ಲಿ ಅಧ್ಯಾಪಕರು ಪ್ರಮೇಯವನ್ನು ಕರಿಹಲಗೆಯ ಮೇಲೆ ಬರೆದು ಒಪ್ಪಿಸುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ಉದಾಹರಣೆ ಕೊಡು ಎನ್ನುತ್ತಾರೆ, ಒಂದು ಷರತ್ತನ್ನು ಕೈಬಿಟ್ಟರೆ ಪ್ರಮೇಯ ಎಲ್ಲಿ ಮುರಿಯುತ್ತದೆ, ತೋರಿಸು ಎನ್ನುತ್ತಾರೆ. ಐದು ಅಂಕದ, ಹತ್ತು ಅಂಕದ ಉತ್ತರಗಳನ್ನು ಬಾಯಿಪಾಠ ಮಾಡಿ ಉನ್ನತ ದರ್ಜೆ ಪಡೆದವರಿಗೆ ಮೊದಲ ವಾರ ಕಠಿಣವಾಗಿಯೇ ಇರುತ್ತದೆ. ವಿಷಯಗಳು ಹೊಸವಲ್ಲ: ನೈಜ ವಿಶ್ಲೇಷಣೆ, ರೇಖೀಯ ಬೀಜಗಣಿತ, ಸಂಖ್ಯಾಶಾಸ್ತ್ರ ಮುಂತಾದ ಪಠ್ಯದ ವಿಷಯಗಳೇ. ನೋಡುವ ಬಗೆ ಮಾತ್ರ ಹೊಸದು.

ಎರಡನೆಯದು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳೊಡನೆ ಸೇರಿ ಇದನ್ನು ನಡೆಸುತ್ತದೆ. ಇಲ್ಲಿ ತರಗತಿಯಿಲ್ಲ. ದೇಶದ ಯಾವುದಾದರೂ ಸಂಸ್ಥೆಯ ವಿದ್ವಾಂಸರೊಬ್ಬರ ಬಳಿ ಸುಮಾರು ಎರಡು ತಿಂಗಳಿದ್ದು, ಅವರು ಸೂಚಿಸಿದ ವಿಷಯವನ್ನು ಓದಿ, ಕೊನೆಗೆ ವರದಿ ಬರೆಯಬೇಕು. ಭತ್ಯೆ ಮತ್ತು ಪ್ರಯಾಣ ವೆಚ್ಚ ದೊರೆಯುತ್ತದೆ. ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದನ್ನು ನಮ್ಮ ಅಧ್ಯಾಪಕ ಓದುಗರು ಗಮನಿಸಬೇಕು. ಇವಲ್ಲದೆ ಬೆಂಗಳೂರು ಉತ್ತರದ ಶಿವಕೋಟೆಯಲ್ಲಿರುವ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿ ಎಸ್. ಎನ್. ಭಟ್ ಸ್ಮಾರಕ ಫೆಲೋಶಿಪ್ ಇದೆ. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆ ಮತ್ತು ಚೆನ್ನೈ ಗಣಿತ ಸಂಸ್ಥೆಗಳಲ್ಲೂ ಬೇಸಿಗೆಯ ಅವಕಾಶಗಳಿವೆ. ಇವುಗಳಲ್ಲಿ ಸ್ಪರ್ಧೆ ಹೆಚ್ಚು.

ಎರಡು ತಿಂಗಳಲ್ಲಿ ಹೊಸ ಪ್ರಮೇಯ ಸಿಗುತ್ತದೆಯೇ ಎಂದು ಕೇಳಬಹುದು. ಸಾಮಾನ್ಯವಾಗಿ ಸಿಗುವುದಿಲ್ಲ. ಅಮೆರಿಕದ ಕ್ರಮ ಸ್ವಲ್ಪ ಬೇರೆ: ಮಿನೆಸೋಟ ವಿಶ್ವವಿದ್ಯಾಲಯದ ಡುಲೂತ್ ಆವರಣದಲ್ಲಿ ಜೋಸೆಫ್ ಗ್ಯಾಲಿಯನ್ 1977ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಯಾರೂ ಬಿಡಿಸಿರದ, ಆದರೆ ಹೆಚ್ಚು ಪೂರ್ವಸಿದ್ಧತೆ ಬೇಡದ ಸಮಸ್ಯೆಗಳನ್ನು ಪದವಿ ವಿದ್ಯಾರ್ಥಿಗಳಿಗೆ ಕೊಡುತ್ತಾರೆ, ಹಲವರು ಪ್ರಬಂಧಗಳನ್ನೂ ಪ್ರಕಟಿಸಿದ್ದಾರೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ ನಡೆಯುವ ಇಂಥ ಕಾರ್ಯಕ್ರಮಗಳಲ್ಲಿ ಭತ್ಯೆ ಆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ಆದುದರಿಂದ ಹೊರದೇಶದ ನೆಂಟರು ಹೇಳಿದರೆಂದು ಅದರ ಹಿಂದೆ ಬೀಳುವುದಕ್ಕಿಂತ ಮೈಸೂರು, ಬೆಂಗಳೂರು, ಚೆನ್ನೈಗಳತ್ತ ನೋಡುವುದು ಲೇಸು.

ನಮ್ಮ ಮಕ್ಕಳು ತಪ್ಪುವುದು ಗಣಿತದಲ್ಲಲ್ಲ, ಕಾಲದಲ್ಲಿ. ಬೇಸಿಗೆಯ ಕಾರ್ಯಕ್ರಮವೆಂದರೆ ಏಪ್ರಿಲ್‌ನಲ್ಲಿ ವಿಚಾರಿಸಿದರಾಯಿತೆಂದು ತಿಳಿಯುತ್ತಾರೆ. ಅಕಾಡೆಮಿಗಳ ಫೆಲೋಶಿಪ್‌ಗೆ ಬಹುತೇಕ ವರ್ಷಗಳಲ್ಲಿ ಅರ್ಜಿ ಹಾಕಬೇಕಾದುದು ಹಿಂದಿನ ವರ್ಷದ ನವೆಂಬರ್ ಆಸುಪಾಸಿನಲ್ಲಿ. ಉಳಿದವು ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ. ದೇವಾಲದ ಮಳೆ ಹಿಡಿತ ಬಿಡುವ ಹೊತ್ತಿಗೇ ಸಂಸ್ಥೆಗಳ ಜಾಲತಾಣ ನೋಡಲು ಆರಂಭಿಸಬೇಕು.

ಅರ್ಜಿಯಲ್ಲಿ ಎರಡು ಸಂಗತಿಗಳು ಮುಖ್ಯ. ಒಂದು, ಏಕೆ ಸೇರಬಯಸುತ್ತೀರಿ ಎಂಬ ಸಣ್ಣ ಬರಹ. ಬಾಲ್ಯದಿಂದಲೂ ಗಣಿತವೆಂದರೆ ಪ್ರಾಣ ಎಂದು ಬರೆಯುವವರು ಸಾವಿರ ಮಂದಿ. ಅದರ ಬದಲು ಪಠ್ಯದಾಚೆ ಯಾವ ಪುಸ್ತಕದ ಯಾವ ಅಧ್ಯಾಯ ಓದಿದಿರಿ, ಎಲ್ಲಿ ಸಿಕ್ಕಿಕೊಂಡಿರಿ ಎಂದು ನಾಲ್ಕು ಸಾಲು ಬರೆದರೆ ಓದುವವರು ತಲೆ ಎತ್ತುತ್ತಾರೆ. ಮೇಲೆ ಹೇಳಿದ 54 ಜೋಡಿಗಳನ್ನು ಸ್ವತಃ ಬಿಡಿಸಿ, ಐದು ಅಂಕಿಗಳಲ್ಲಿ ಏನಾಯಿತೆಂದು ಬರೆದರೂ ಸರಿಯೆ. ಎರಡನೆಯದು ಅಧ್ಯಾಪಕರ ಶಿಫಾರಸು ಪತ್ರ. ಎಪ್ಪತ್ತು ಮಂದಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತವರ ಬಗ್ಗೆ ಯಾವ ಗುರುಗಳೂ ಎರಡು ನಿಜವಾದ ವಾಕ್ಯ ಬರೆಯಲಾರರು. ಗಡುವಿಗೆ ಎರಡು ತಿಂಗಳ ಮೊದಲೇ ಲೆಕ್ಕ ಬಿಡಿಸಿದ ನೋಟ್ ಪುಸ್ತಕದೊಡನೆ ಹೋಗಿ ಅವರನ್ನು ಕಾಣಬೇಕು.

ಭಾಷೆಯ ಅಳುಕನ್ನೂ ಬಲ್ಲೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪೇಟೆಯಲ್ಲಿ ಮಲಯಾಳ, ಪದವಿಯಲ್ಲಿ ಥಟ್ಟನೆ ಇಂಗ್ಲಿಷ್ ಎಂಬುದು ನಮ್ಮ ಭಾಗದ ಮಕ್ಕಳ ಪಾಡು. ಕಾರ್ಯಕ್ರಮಗಳು ನಡೆಯುವುದು ಇಂಗ್ಲಿಷಿನಲ್ಲಿಯೇ. ಆದರೆ ಅಲ್ಲಿ ಬೇಕಾದ ಇಂಗ್ಲಿಷ್ ಬಹಳ ಸಣ್ಣದು: 'ಇದ್ದರೆ', 'ಆದುದರಿಂದ', 'ಪ್ರತಿಯೊಂದಕ್ಕೂ', 'ಒಂದಾದರೂ' ಎಂಬಂಥ ಕೆಲವು ಪದಗಳನ್ನು ತಪ್ಪಿಲ್ಲದೆ ಬಳಸಲು ಬಂದರೆ ಸಾಕು. ಕಲಿತದ್ದನ್ನು ರಾತ್ರಿ ಕೋಣೆಯಲ್ಲಿ ಕನ್ನಡದಲ್ಲೋ ತಮಿಳಿನಲ್ಲೋ ಗೆಳೆಯರಿಗೆ ವಿವರಿಸಿ ನೋಡಿ. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಅರ್ಥವಾಗಿಲ್ಲವೆಂದು ತಿಳಿಯುತ್ತದೆ. ಕನ್ನಡಕ್ಕೆ ಇದು ಹೊಸ ಕೆಲಸವೂ ಅಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದುದು ಕನ್ನಡದಲ್ಲಿಯೇ.

ಹೆತ್ತವರಲ್ಲಿ ಒಂದು ಮಾತು. ಮಗಳನ್ನು ತಿಂಗಳುಗಟ್ಟಲೆ ಪರಸ್ಥಳಕ್ಕೆ ಕಳುಹಿಸುವುದು ಹೇಗೆಂಬ ಆತಂಕ ಸಹಜ. ಹೆಣ್ಣುಮಕ್ಕಳಿಗೆ ವಸತಿ ಎಲ್ಲಿ, ಹೊಣೆ ಯಾರದು ಎಂದು ಸಂಯೋಜಕರಿಗೆ ಮೊದಲೇ ಬರೆದು ಕೇಳುವುದರಲ್ಲಿ ಸಂಕೋಚ ಬೇಡ. ರಜೆಯ ಕೂಲಿ ತಪ್ಪುತ್ತದೆ ಎಂಬುದು ಇನ್ನೊಂದು ಲೆಕ್ಕ, ಅದು ಸಣ್ಣದೂ ಅಲ್ಲ. ಅಂಥವರು ಭತ್ಯೆಯಿರುವ ಕಾರ್ಯಕ್ರಮವನ್ನು ಮೊದಲು ನೋಡಬಹುದು.

ಹೊರಡುವ ಮುನ್ನ ವಿಶ್ವವಿದ್ಯಾಲಯದ ಪರೀಕ್ಷೆಯ ವೇಳಾಪಟ್ಟಿಯನ್ನು ತಾಳೆ ನೋಡಬೇಕು. ಮೇ ತಿಂಗಳಿಗೆ ಪರೀಕ್ಷೆ ಜಾರಿದರೆ ಸಂಯೋಜಕರಿಗೆ ತಕ್ಷಣ ತಿಳಿಸಬೇಕು. ಮೈಸೂರು ಕಡೆಗೆ ಹೋಗುವವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರಕ್ಕೆ ಮುಚ್ಚಿರುತ್ತದೆಂಬುದನ್ನು ನೆನಪಿಟ್ಟು ಗೂಡಲೂರಿನಿಂದ ಹಗಲಿನ ಬಸ್ಸನ್ನೇ ಹಿಡಿಯಬೇಕು. ಪ್ರಯಾಣದ ಟಿಕೆಟ್‌ಗಳನ್ನು ಎಸೆಯಬಾರದು. ವೆಚ್ಚ ಮರಳಿ ಪಡೆಯಲು ಅವು ಬೇಕಾಗುತ್ತವೆ. ಎರಡನೆಯ ವರ್ಷದಲ್ಲಿ ಆಯ್ಕೆಯಾಗದವರು ಮೂರನೆಯ ವರ್ಷದಲ್ಲಿ ಮುಂದಿನ ಹಂತಕ್ಕೆ ಮತ್ತೆ ಅರ್ಜಿ ಹಾಕಬಹುದು.