ಮೋಟಾರು ಕೊಟ್ಟಿಗೆಯ ಸಂಗೀತ

ಮೇಲ್ತರಗತಿಗಳ ವಿದ್ಯಾರ್ಥಿಗಳು ಕೇಳುವ ಪಾಶ್ಚಾತ್ಯ ಹಾಡುಗಳನ್ನು ಕುರಿತು ತಾಯ್ತಂದೆಗಳ ಅಭಿಪ್ರಾಯವು ಸಾಮಾನ್ಯವಾಗಿ ಒಂದೇ ಬಗೆಯದು: ಅದೆಲ್ಲ ಬರಿಯ ಗದ್ದಲವೆಂಬುದು. ಈ ಅಭಿಪ್ರಾಯಕ್ಕೆ ಆಧಾರವಿಲ್ಲದಿಲ್ಲ. ಆದರೂ ಆ ಗದ್ದಲದ ಒಂದು ಶಾಖೆಯಾದ 'ಗ್ಯಾರೇಜ್ ರಾಕ್' ಎಂಬುದರಲ್ಲಿ ನಮ್ಮ ಮಕ್ಕಳು ಅರಿಯತಕ್ಕ ಗುಣವೊಂದುಂಟು. ನಮಗೆ ಮೆಚ್ಚುಗೆಯಾದ ಮೂರು ಗೀತಸಂಪುಟಗಳನ್ನು ಮುಂದಿಟ್ಟು ಅದನ್ನು ವಿವರಿಸಲು ಯತ್ನಿಸುವೆವು.

ಮೊದಲು ಹೆಸರಿನ ವಿಚಾರ. 1960ರ ದಶಕದಲ್ಲಿ ಅಮೆರಿಕದ ಊರೂರುಗಳ ತರುಣರು ಒಂದೆರಡು ಗಿಟಾರು, ಒಂದು ಜೊತೆ ಡ್ರಮ್ಮುಗಳನ್ನು ಕೂಡಿಸಿಕೊಂಡು, ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಹಾಡು ಕಲಿಯುತ್ತಿದ್ದರು. ಆ ಕೊಟ್ಟಿಗೆಗೆ ಅಲ್ಲಿ ಗ್ಯಾರೇಜ್ ಎಂದು ಹೆಸರು; ಸಂಗೀತಕ್ಕೂ ಅದೇ ಹೆಸರು ನಿಂತಿತು. ರಿಚರ್ಡ್ ಬೆರ್ರಿ ಎಂಬವರು 1950ರ ದಶಕದಲ್ಲಿ ರಚಿಸಿದ್ದ 'ಲೂಯಿ ಲೂಯಿ' ಎಂಬ ಹಾಡನ್ನು ಪೋರ್ಟ್‌ಲೆಂಡ್ ನಗರದ 'ಕಿಂಗ್ಸ್‌ಮೆನ್' ತಂಡವು 1963ರಲ್ಲಿ ಅಲ್ಪ ವೆಚ್ಚದಲ್ಲಿ ಧ್ವನಿಮುದ್ರಿಸಿತು. ಗಾಯಕನು ಒಂದೆಡೆ ಸಮಯಕ್ಕೆ ಮುಂಚೆಯೇ ಹಾಡಲಾರಂಭಿಸಿ ತಡೆದು ನಿಲ್ಲುವನು. ಆ ತಪ್ಪೂ ಮುದ್ರಿಕೆಯಲ್ಲಿ ಹಾಗೆಯೇ ಉಳಿಯಿತು. ಉಚ್ಚಾರ ಅಸ್ಪಷ್ಟವಾಗಿದ್ದುದರಿಂದ ಅದರಲ್ಲಿ ಅಶ್ಲೀಲವಿದೆಯೆಂದು ದೂರು ಹುಟ್ಟಿ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯೇ ಪರೀಕ್ಷೆಗೆ ತೊಡಗಿತು. ಕೊನೆಗೆ ಮಾತುಗಳೇ ತಿಳಿಯುವುದಿಲ್ಲವೆಂದು ಕೈಬಿಟ್ಟಿತು!

ಇದರ ಮರುಹುಟ್ಟು ನಮ್ಮ ಕಾಲದಲ್ಲಿ ಆಯಿತು. ಡೆಟ್ರಾಯ್ಟ್ ನಗರದ 'ವೈಟ್ ಸ್ಟ್ರೈಪ್ಸ್' ತಂಡದಲ್ಲಿ ಇದ್ದವರು ಇಬ್ಬರೇ: ಜಾಕ್ ವೈಟ್ ಮತ್ತು ಮೆಗ್ ವೈಟ್. ಗಣಕಯಂತ್ರದ ನೆರವು ಎಲ್ಲೆಡೆ ದೊರೆಯುತ್ತಿದ್ದ ದಿನಗಳಲ್ಲಿ ಇವರು ಲಂಡನ್ನಿನ ಪುಟ್ಟ ಧ್ವನಿಮುದ್ರಣಶಾಲೆಯೊಂದರಲ್ಲಿ, ಹಳೆಯ ಟೇಪು ಯಂತ್ರವನ್ನೇ ಬಳಸಿ, 'ಎಲಿಫೆಂಟ್' ಎಂಬ ಸಂಪುಟವನ್ನು ಸಿದ್ಧಗೊಳಿಸಿ 2003ರಲ್ಲಿ ಹೊರತಂದರು. ಅದರ ಮೊದಲ ಹಾಡು 'ಸೆವೆನ್ ನೇಶನ್ ಆರ್ಮಿ'. 'ಸಾಲ್ವೇಶನ್ ಆರ್ಮಿ' ಎಂಬುದನ್ನು ಜಾಕ್ ವೈಟ್ ಬಾಲ್ಯದಲ್ಲಿ ತಪ್ಪಾಗಿ ಕೇಳಿಸಿಕೊಂಡದ್ದರಿಂದ ಈ ಹೆಸರು ಬಂದಿತು. ಅದರ ಮಂದ್ರನಾದವು ಬೇರೆ ವಾದ್ಯದ್ದಲ್ಲ. ಗಿಟಾರಿನ ಧ್ವನಿಯನ್ನೇ ಒಂದು ಸಾಧನದಿಂದ ಒಂದು ಸ್ಥಾಯಿ ಕೆಳಗಿಳಿಸಿದ್ದು. ಏಳು ಸ್ವರಗಳ ಆ ತುಣುಕನ್ನು 2006ರ ವಿಶ್ವಕಪ್ ಪಂದ್ಯಗಳಲ್ಲಿ ಇಟಲಿಯ ಜನರು ಒಕ್ಕೊರಲಿನಿಂದ ಹಾಡಿದರು. 2011ರಲ್ಲಿ ತಂಡವು ವಿಸರ್ಜನೆಗೊಂಡಿತಾದರೂ ಕಾಲ್ಚೆಂಡಿನ ಮೈದಾನಗಳಲ್ಲಿ ಆ ಸ್ವರಗಳು ಇನ್ನೂ ಕೇಳಿಬರುತ್ತಿವೆ.

'ಇಂಡೀ' ಎಂಬ ಇನ್ನೊಂದು ಮಾತೂ ಬಳಕೆಯಲ್ಲಿದೆ. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸ್ವತಂತ್ರವಾಗಿ ಹೊರಬರುವ ಸಂಗೀತವೆಂದು ಅದರ ಮೂಲಾರ್ಥ. ಆಸ್ಟ್ರೇಲಿಯದ ಮೆಲ್ಬರ್ನಿನ ಕೋರ್ಟ್ನಿ ಬಾರ್ನೆಟ್ ಎಂಬಾಕೆ 2012ರಲ್ಲಿ ತಾನೇ ಒಂದು ಸಣ್ಣ ಸಂಸ್ಥೆಯನ್ನು ಸ್ಥಾಪಿಸಿದಳು. 2015ರಲ್ಲಿ ಬಂದ ಅವಳ ಸಂಪುಟದ 'ಡಿಪ್ರೆಸ್ಟನ್' ಎಂಬ ಹಾಡಿನಲ್ಲಿ ಇಬ್ಬರು ಬಡಾವಣೆಯೊಂದರಲ್ಲಿ ಮನೆ ನೋಡಲು ಹೋಗುವರು. ಅಲ್ಲಿ ಹಿಂದೆ ಬಾಳಿದವರ ಅಡುಗೆಮನೆಯ ಡಬ್ಬಗಳು, ಸ್ನಾನದ ಮನೆಯ ಹಿಡಿಕಂಬಿ, ಯುದ್ಧಕ್ಕೆ ಹೋಗಿದ್ದ ತರುಣನ ಭಾವಚಿತ್ರ ಕಣ್ಣಿಗೆ ಬೀಳುವವು. ನೆಲದ ಹಲಗೆ, ಕೋಣೆಯ ದಿಕ್ಕು ಎಂಬ ಲೆಕ್ಕವು ಮನಸ್ಸಿನಿಂದ ಮರೆಯಾಗುವುದು. ಇಲ್ಲಿ ಗದ್ದಲವಿಲ್ಲ, ಆಡಂಬರವಿಲ್ಲ. ತನ್ನೂರಿನ ಉಚ್ಚಾರದಲ್ಲಿಯೇ ಆಡಿದ ಮಾತಿದೆ.

ಮೂರನೆಯದು ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿದ 'ಫಾಂಟೇನ್ಸ್ ಡಿ. ಸಿ.' ತಂಡದ 'ಸ್ಕಿಂಟಿ ಫಿಯಾ' (2022). ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನೆಲಸಿದ್ದ ಐರಿಷ್ ಕುಟುಂಬವೊಂದು ತಾಯಿಯ ಸಮಾಧಿಶಿಲೆಯ ಮೇಲೆ 'ನಮ್ಮ ಹೃದಯಗಳಲ್ಲಿ ಎಂದೆಂದಿಗೂ' ಎಂಬ ಅರ್ಥದ ಮಾತನ್ನು ಐರಿಷ್ ನುಡಿಯಲ್ಲಿ ಕೆತ್ತಿಸಬಯಸಿತು. ಇಂಗ್ಲಿಷ್ ಅನುವಾದವಿಲ್ಲದೆ ಕೆತ್ತಿಸಕೂಡದೆಂದು 2020ರಲ್ಲಿ ಅಲ್ಲಿನ ಧಾರ್ಮಿಕ ನ್ಯಾಯಾಲಯ ತೀರ್ಪಿತ್ತಿತು. ಮೇಲ್ಮನವಿಯ ಮೇಲೆ 2021ರಲ್ಲಿ ಆ ತೀರ್ಪು ರದ್ದಾಯಿತು. ಈ ಸಂಪುಟದ ಮೊದಲ ಹಾಡಿನ ಶೀರ್ಷಿಕೆ ಆ ಐರಿಷ್ ಮಾತೇ ಆಗಿದೆ. ನೆರೆಭಾಷೆಯ ನಾಡಿನಲ್ಲಿ ತಾಯ್ನುಡಿಯ ಶಾಲೆಯನ್ನು ನಡೆಸಿಕೊಂಡು ಬಂದಿರುವ ನಮಗೆ ಈ ಹಾಡಿನ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹಾಡುಗಳೆಲ್ಲ ಉತ್ತಮವೆಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ತಕ್ಕುದಲ್ಲದ ಮಾತುಗಳುಳ್ಳವು ಅನೇಕವಿವೆ; ಧ್ವನಿಯನ್ನು ಅತಿಯಾಗಿ ಏರಿಸಿ ದೀರ್ಘಕಾಲ ಕೇಳಿದರೆ ಕಿವಿಗೆ ಹಾನಿಯೂ ಉಂಟು. ಆದುದರಿಂದ ತಾಯ್ತಂದೆಗಳು ಮಕ್ಕಳೊಡನೆ ಕುಳಿತು, ಮೆಲ್ಲನೆ ಹಾಕಿಸಿ, ಮಾತಿನ ಅರ್ಥವನ್ನು ಅವರಿಂದಲೇ ಕೇಳಿ ತಿಳಿಯುವುದು ಲೇಸು. ವಿದ್ಯಾರ್ಥಿಗಳು ಇವನ್ನು ಕೇಳಿ ಪರರ ಧಾಟಿಯನ್ನು ಅನುಕರಿಸಬೇಕಾಗಿಲ್ಲ. ಕೈಯಲ್ಲಿರುವ ಅಲ್ಪ ಸಾಧನದಿಂದ, ತಮ್ಮ ಬೀದಿಯ ಸಂಗತಿಯನ್ನು ತಮ್ಮ ಮನೆಯ ಕನ್ನಡದಲ್ಲಿ ಹಾಡಲು ಯತ್ನಿಸಲಿ. ಮುಂದಿನ ವಾರ್ಷಿಕೋತ್ಸವದ ವೇದಿಕೆಯಲ್ಲಿ ಅಂಥ ಒಂದು ಹಾಡನ್ನು ಕೇಳುವ ಆಸೆ ನಮಗಿದೆ.