ಮುಖಕ್ಕೆ ಯಾವ ಮಸೂರ? ಹುಳುವಿಗೆ ಯಾವ ಮಸೂರ?

ರಜೆ ಮುಗಿಸಿ ಬಂದ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲಿನಲ್ಲಿದ್ದ ಚಿತ್ರವೊಂದನ್ನು ನಮ್ಮ ಮುಂದಿಟ್ಟಳು. ಮಾಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಯ ಜಗುಲಿಯ ಮೇಲೆ ಕುಳಿತ ಅವಳ ಅಜ್ಜಿಯ ಭಾವಚಿತ್ರ ಅದು. ಬೆಳಕು ಹದವಾಗಿತ್ತು, ಕಣ್ಣಿನ ಹೊಳಪೂ ಚೆನ್ನಾಗಿ ಮೂಡಿತ್ತು. ಆದರೆ ಅಜ್ಜಿ ಅದನ್ನು ನೋಡಿದೊಡನೆ, "ಇದು ನಾನಲ್ಲ ಕಣಮ್ಮ, ಬರೀ ಮೂಗೇ ಐತೆ" ಎಂದು ಮೊಬೈಲನ್ನು ಹಿಂದಕ್ಕೆ ಕೊಟ್ಟುಬಿಟ್ಟರಂತೆ. ಮದುವೆಯ ಗುಂಪುಚಿತ್ರಗಳ ಅಂಚಿನಲ್ಲಿ ನಿಂತದ್ದನ್ನು ಬಿಟ್ಟರೆ ಆ ಮನೆಯಲ್ಲಿ ಅಜ್ಜಿಯ ಬೇರೆ ಚಿತ್ರವೇ ಇಲ್ಲ.

"ಮುಖಕ್ಕೆ ಒಪ್ಪುವ ಲೆನ್ಸ್ ಯಾವುದು ಸಾರ್? ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಹುಳುಗಳ ಚಿತ್ರವನ್ನೂ ಅದರಲ್ಲೇ ತೆಗೆಯಬಹುದೇ? ಎರಡು ಕೊಳ್ಳುವಷ್ಟು ಹಣವಿಲ್ಲ" ಎಂದಳು ಆಕೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಮೂಗು ದೊಡ್ಡದಾದುದು ಏಕೆ?

ತಪ್ಪು ಮಸೂರದ್ದೆಂದು ಹಲವರು ಹೇಳುವರು. ಅದು ಪೂರ್ತಿ ನಿಜವಲ್ಲ. ಮುಳಬಾಗಿಲಿನ ಬಳಿ ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಏಕಶಿಲೆಯ ಗಣಪತಿಯಿದೆ. ತೀರ ಸಮೀಪದಲ್ಲಿ ನಿಂತು ತಲೆಯೆತ್ತಿ ನೋಡಿದರೆ ಪಾದವೂ ಹೊಟ್ಟೆಯೂ ಬೃಹತ್ತಾಗಿ, ಮುಖ ಚಿಕ್ಕದಾಗಿ ಕಾಣುವುದು. ಹಿಂದೆ ಸರಿದಂತೆಲ್ಲ ಅಂಗಾಂಗಗಳು ತಮ್ಮ ತಮ್ಮ ಪ್ರಮಾಣಕ್ಕೆ ಬರುವುವು. ಇಲ್ಲಿ ಕ್ಯಾಮೆರಾ ಇಲ್ಲವೇ ಇಲ್ಲ. ಬದಲಾದುದು ನಾವು ನಿಂತ ದೂರ ಮಾತ್ರ.

ಅಜ್ಜಿಯ ಮುಖಕ್ಕೂ ಇದೇ ನ್ಯಾಯ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿರುವುದೆಂದು ಭಾವಿಸೋಣ. ಕ್ಯಾಮೆರಾ ಮೂಗಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ ಕಿವಿಯಿಂದ 52 ಸೆಂ.ಮೀ. ದೂರದಲ್ಲಿರುವುದು. ವಸ್ತು ದೂರವಾದಷ್ಟೂ ಪ್ರತಿಬಿಂಬ ಕಿರಿದಾಗುವುದರಿಂದ, ಮೂಗಿಗೆ ಹೋಲಿಸಿದರೆ ಕಿವಿ ಶೇಕಡ 23ರಷ್ಟು ಕುಗ್ಗಿ ಮೂಡುವುದು. ಕ್ಯಾಮೆರಾವನ್ನು 2 ಮೀಟರಿಗೆ ಒಯ್ದರೆ ಈ ದೂರಗಳು 200 ಮತ್ತು 212 ಸೆಂ.ಮೀ. ಆಗುವುವು, ಕುಗ್ಗುವಿಕೆ ಶೇಕಡ 6ಕ್ಕೆ ಇಳಿಯುವುದು. ಎದುರು ಕುಳಿತು ಮಾತನಾಡುವಾಗ ನಾವು ಒಬ್ಬರನ್ನೊಬ್ಬರು ನೋಡುವುದು ಹೆಚ್ಚುಕಡಿಮೆ ಇಂಥ ದೂರದಿಂದಲೇ. ಆದುದರಿಂದ ಆ ಮುಖವೇ ನಮಗೆ ಪರಿಚಿತ ಮುಖ.

ಹಾಗಾದರೆ ಮಸೂರದ ಪಾತ್ರವೇನು? ಅದು ನಮ್ಮನ್ನು ಹತ್ತಿರಕ್ಕೆ ಕರೆಯುವುದು ಇಲ್ಲವೇ ದೂರ ನಿಲ್ಲಿಸುವುದು. ಮೊಬೈಲಿನ ಮುಖ್ಯ ಮಸೂರ ಬಹಳ ವಿಶಾಲವಾದ ನೋಟವನ್ನು ಹಿಡಿಯುತ್ತದೆ. ತಲೆಯಿಂದ ಎದೆಯವರೆಗಿನ 60 ಸೆಂ.ಮೀ. ಭಾಗ ಅದರಲ್ಲಿ ಚಿತ್ರದ ಎತ್ತರವನ್ನು ತುಂಬಬೇಕಾದರೆ ಸುಮಾರು 40 ಸೆಂ.ಮೀ. ಹತ್ತಿರಕ್ಕೆ ಹೋಗಲೇಬೇಕು. ನಮ್ಮ ವಿದ್ಯಾರ್ಥಿನಿ ಮಾಡಿದ್ದೂ ಅದನ್ನೇ.

ಭಾವಚಿತ್ರದ ಮಸೂರ

ಮಸೂರದಿಂದ ಅದರ ಸಂಗಮಬಿಂದುವಿಗೆ ಇರುವ ಅಂತರವೇ ಸಂಗಮದೂರ. 36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಸಂವೇದಕವುಳ್ಳ ದೊಡ್ಡ ಕ್ಯಾಮೆರಾವನ್ನು ಲಂಬವಾಗಿ ಹಿಡಿದು ಮೇಲೆ ಹೇಳಿದ ಭಾವಚಿತ್ರವನ್ನು ತೆಗೆಯುವೆವೆಂದುಕೊಳ್ಳಿ. 50 ಮಿ.ಮೀ. ಸಂಗಮದೂರದ ಮಸೂರವಾದರೆ ಸುಮಾರು 90 ಸೆಂ.ಮೀ. ದೂರದಲ್ಲಿ ನಿಲ್ಲಬೇಕು, 85 ಮಿ.ಮೀ. ಆದರೆ ಒಂದೂವರೆ ಮೀಟರು, 100 ಮಿ.ಮೀ. ಆದರೆ ಸುಮಾರು 1.8 ಮೀಟರು. ಛಾಯಾಗ್ರಾಹಕರು 85ರಿಂದ 105 ಮಿ.ಮೀ. ಮಸೂರಗಳನ್ನು ಭಾವಚಿತ್ರಕ್ಕೆ ಮೆಚ್ಚುವುದರ ಗುಟ್ಟು ಇಷ್ಟೇ. ಸಂವೇದಕ ಚಿಕ್ಕದಾದ, ಅಂದರೆ ಸುಮಾರು 24 ಮಿ.ಮೀ. ಉದ್ದದ ಕ್ಯಾಮೆರಾಗಳಲ್ಲಿ 50ರಿಂದ 60 ಮಿ.ಮೀ. ಮಸೂರವೇ ಈ ಕೆಲಸವನ್ನು ಮಾಡಬಲ್ಲುದು.

ಭಾವಚಿತ್ರಕ್ಕೆಂದೇ ಮಸೂರವನ್ನು ಲೆಕ್ಕಹಾಕಿ ರಚಿಸಿದ ಕೀರ್ತಿ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲನದು. 1839ರಲ್ಲಿ ಛಾಯಾಗ್ರಹಣ ಬೆಳಕಿಗೆ ಬಂದಾಗ, ಅಂದಿನ ಮಸೂರಗಳು ಒಳಬಿಡುತ್ತಿದ್ದ ಬೆಳಕು ಅತ್ಯಲ್ಪ. ಚಿತ್ರ ತೆಗೆಸಿಕೊಳ್ಳುವವರು ನಿಮಿಷಗಟ್ಟಲೆ ಅಲುಗಾಡದೆ ಕುಳಿತಿರಬೇಕಾಗಿತ್ತು. 1840ರಲ್ಲಿ ವಿಯೆನ್ನಾ ನಗರದಲ್ಲಿ ಪೆಟ್ಸ್‌ವಾಲ್ ರೂಪಿಸಿದ ನಾಲ್ಕು ಗಾಜುಗಳ ಮಸೂರ ಹಲವು ಪಟ್ಟು ಹೆಚ್ಚು ಬೆಳಕನ್ನು ಒಳಬಿಟ್ಟಿತು. ಚಿತ್ರದ ಅಂಚು ಮಸುಕಾಗುತ್ತಿತ್ತು, ನಿಜ. ನಡುವೆ ಇರುವ ಮುಖಕ್ಕೆ ಅದರಿಂದ ಕುಂದೇನೂ ಆಗಲಿಲ್ಲ.

ಬೆಳಕಿನ ಬಾಗಿಲಾದ ದ್ಯುತಿರಂಧ್ರ ಎಷ್ಟು ಅಗಲವಿದ್ದರೆ ಅಷ್ಟು ಒಳ್ಳೆಯದೆಂದು ಎಣಿಸಿ ಎಫ್/1.4 ಮಸೂರಕ್ಕೆ ಬಹಳ ಹಣ ತೆರುವವರುಂಟು. ಆದರೆ ರಂಧ್ರ ಅಗಲವಾದಂತೆ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗುವುದು. ನಮ್ಮ ಭಾವಚಿತ್ರದ ಲೆಕ್ಕದಲ್ಲಿ ಎಫ್/1.4ಕ್ಕೆ ಈ ಆಳ ಸುಮಾರು ಎರಡೂವರೆ ಸೆಂ.ಮೀ. ಮಾತ್ರ, ಕಣ್ಣು ಸ್ಪಷ್ಟವಾದರೆ ಮೂಗಿನ ತುದಿ ಮಸುಕು. ಎಫ್/2.8ಕ್ಕೆ 5 ಸೆಂ.ಮೀ.; ಎಫ್/5.6ಕ್ಕೆ ಸುಮಾರು 10 ಸೆಂ.ಮೀ. ಜಗುಲಿಯ ಹಗಲುಬೆಳಕಿನಲ್ಲಿ ಎಫ್/2.8 ಧಾರಾಳವಾಗಿ ಸಾಕು.

ರೇಷ್ಮೆ ಮನೆಯಲ್ಲಿ

ಇನ್ನು ಎರಡನೆಯ ಪ್ರಶ್ನೆ. ಕೋಲಾರ ಜಿಲ್ಲೆಯ ಎಷ್ಟೋ ಮನೆಗಳಿಗೆ ರೇಷ್ಮೆಯೇ ಆಧಾರ. ಮೊಟ್ಟೆಯ ಉದ್ದ ಸುಮಾರು 1 ಮಿ.ಮೀ.; ಆಗತಾನೆ ಹೊರಬಂದ ಮರಿ 3 ಮಿ.ಮೀ.; ನಾಲ್ಕನೆಯ ಜ್ವರದಿಂದ ಎದ್ದು ಪೂರ್ತಿ ಬೆಳೆದ ಹುಳು ಸುಮಾರು 7 ಸೆಂ.ಮೀ. ಹಣ್ಣಾದ ಹುಳು ಚಂದ್ರಿಕೆಗೇರಿ, ತಲೆಯನ್ನು ಅತ್ತಿತ್ತ ಆಡಿಸುತ್ತ ನೂಲು ಬಿಡುವುದು ಎಂಥ ಚಿತ್ರಕ್ಕೂ ತಕ್ಕ ದೃಶ್ಯ.

ಪೀನ ಮಸೂರದ ಪ್ರಯೋಗವನ್ನು ನೆನಪಿಗೆ ತಂದುಕೊಳ್ಳಿ. ವಸ್ತುವು ಸಂಗಮದೂರದ ಎರಡರಷ್ಟು ದೂರದಲ್ಲಿದ್ದಾಗ ಪ್ರತಿಬಿಂಬ ವಸ್ತುವಿನಷ್ಟೇ ದೊಡ್ಡದು. ಮೂರರಷ್ಟು ದೂರದಲ್ಲಿದ್ದಾಗ ಅದರ ಅರ್ಧ. 7 ಸೆಂ.ಮೀ. ಹುಳು 36 ಮಿ.ಮೀ. ಸಂವೇದಕದ ಉದ್ದವನ್ನು ತುಂಬಲು ಅರ್ಧದ ಪ್ರಮಾಣ ಸಾಕು. ಅದರ ತಲೆಯೊಂದನ್ನೇ ಹಿಡಿಯಲು, ಇಲ್ಲವೇ ಮರಿಗಳನ್ನು ತೋರಿಸಲು ಸಮಪ್ರಮಾಣ ಬೇಕು. ಸಮಪ್ರಮಾಣಕ್ಕೆ 50 ಮಿ.ಮೀ. ಮಸೂರವನ್ನು ಹುಳುವಿನಿಂದ 10 ಸೆಂ.ಮೀ. ಹತ್ತಿರಕ್ಕೆ ಒಯ್ಯಬೇಕು, 100 ಮಿ.ಮೀ. ಮಸೂರಕ್ಕೆ 20 ಸೆಂ.ಮೀ. ಅವಕಾಶವಿದೆ. ಇದು ಸರಳ ಮಸೂರದ ಲೆಕ್ಕ. ಹಲವು ಗಾಜುಗಳ ಇಂದಿನ ಮಸೂರಗಳಲ್ಲಿ ಅಂತರ ಇನ್ನೂ ಸ್ವಲ್ಪ ಕಡಿಮೆಯಾಗಬಹುದು.

ಈ ಅಂತರ ಸಣ್ಣ ಮಾತಲ್ಲ. ತೀರ ಹತ್ತಿರಕ್ಕೆ ಹೋದರೆ ಕ್ಯಾಮೆರಾದ ನೆರಳೇ ಹುಳುವಿನ ಮೇಲೆ ಬೀಳುವುದು. ಅದಕ್ಕಿಂತ ಮುಖ್ಯವಾದುದು ಸೋಂಕಿನ ಭಯ. ಕೈಕಾಲುಗಳನ್ನು ಶುಚಿಮಾಡಿಕೊಳ್ಳದೆ ರೈತರು ಯಾರನ್ನೂ ಹುಳುವಿನ ಮನೆಗೆ ಬಿಡುವುದಿಲ್ಲ. ಒಂದು ಬೆಳೆ ಕೆಟ್ಟರೆ ತಿಂಗಳ ದುಡಿಮೆಯೇ ಹೋಯಿತು. ಹುಳುವನ್ನಾಗಲಿ ತಟ್ಟೆಯನ್ನಾಗಲಿ ಮುಟ್ಟದೆ ಚಿತ್ರ ತೆಗೆಯಬೇಕಾದರೆ ಉದ್ದ ಸಂಗಮದೂರವೇ ಲೇಸು.

ಸಮೀಪಚಿತ್ರಕ್ಕೆ ಇನ್ನೆರಡು ತೊಡಕುಗಳಿವೆ. ಮೊದಲನೆಯದು ಆಳದ ಬಡತನ: ಸಮಪ್ರಮಾಣದಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗುವ ಆಳ ಸುಮಾರು 1 ಮಿ.ಮೀ. ಅಲ್ಲದೆ ಸಂವೇದಕವನ್ನು ಮುಟ್ಟುವ ಬೆಳಕು ಕಾಲುಭಾಗಕ್ಕೆ ಇಳಿಯುವುದು. ಎರಡನೆಯದು ಅಲುಗಾಟ. ಶ್ರೀನಿವಾಸಪುರದ ಮಾವಿನ ತೋಪಿಗೆ ಹೂ ಬಿಡುವ ಕಾಲದಲ್ಲಿ ಹೋಗಿ ನೋಡಿ. ಗೊಂಚಲು ಸೆಕೆಂಡಿಗೆ ಒಂದೇ ಸೆಂ.ಮೀ. ತೂಗಿದರೂ, 1/50 ಸೆಕೆಂಡಿನಲ್ಲಿ ಪ್ರತಿಬಿಂಬ 0.2 ಮಿ.ಮೀ. ಜಾರಿ ಚಿತ್ರ ಕಲಸಿಹೋಗುವುದು. 1/500 ಸೆಕೆಂಡಾದರೆ ಜಾರುವುದು 0.02 ಮಿ.ಮೀ. ಮಾತ್ರ. ಆದುದರಿಂದ ಗಾಳಿ ಎದ್ದ ಮೇಲೆ ಹೋಗುವುದಕ್ಕಿಂತ ನಿಶ್ಚಲವಾದ ಬೆಳಗಿನಲ್ಲಿ ಹೋಗುವುದು ಮೇಲು.

ಮಸೂರಕ್ಕೆ ಎಲ್ಲೆಯೂ ಉಂಟು. ಹುಳುಗಳ ಗಂಟುರೋಗಕ್ಕೆ ಕಾರಣವಾದ ಜೀವಿಯ ಬೀಜಾಣು ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರುನಾಲ್ಕು ಭಾಗದಷ್ಟು ಮಾತ್ರ ಉದ್ದ. ಅದನ್ನು ಕಾಣಲು ಸೂಕ್ಷ್ಮದರ್ಶಕವೇ ಬೇಕು.

ಒಂದೇ ಮಸೂರ ಸಾಕೆ?

ಸಾಕು. ದೊಡ್ಡ ಸಂವೇದಕದ ಕ್ಯಾಮೆರಾಕ್ಕೆ ಸುಮಾರು 100 ಮಿ.ಮೀ., ಚಿಕ್ಕದಕ್ಕೆ ಸುಮಾರು 60 ಮಿ.ಮೀ. ಸಂಗಮದೂರದ, ಎಫ್/2.8ರ ಮ್ಯಾಕ್ರೊ ಮಸೂರ ಎರಡು ಕೆಲಸಗಳನ್ನೂ ಮಾಡುವುದು. ಅದೂ ದುಬಾರಿಯೆನಿಸಿದರೆ ಇರುವ 50 ಮಿ.ಮೀ. ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ 25 ಮಿ.ಮೀ. ಟೊಳ್ಳು ನಳಿಕೆಯನ್ನು ಸೇರಿಸಬಹುದು; ಅರ್ಧದ ಪ್ರಮಾಣ ದೊರೆಯುವುದು. ನಳಿಕೆಯಲ್ಲಿ ಗಾಜೇ ಇಲ್ಲವಾದ್ದರಿಂದ ಬೆಲೆಯೂ ಕಡಿಮೆ. ಮಸೂರದ ಮುಂದೆ ಓದುಗನ್ನಡಕದಂತಹ 4 ಡಯಾಪ್ಟರ್ ಪೀನ ಗಾಜನ್ನು ತಿರುಗಿಸಿ ಕೂರಿಸುವುದು ಇನ್ನೊಂದು ದಾರಿ. ಆಗ, ಅನಂತ ದೂರಕ್ಕೆ ಹೊಂದಿಸಿದ ಮಸೂರವೂ 25 ಸೆಂ.ಮೀ. ದೂರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯುವುದು.

ಇಷ್ಟನ್ನೂ ಹೇಳಿ, ನಮ್ಮ ವಿದ್ಯಾರ್ಥಿನಿಗೆ ಸದ್ಯಕ್ಕೆ ಏನನ್ನೂ ಕೊಳ್ಳಬೇಡವೆಂದೆವು. ಅದೇ ಮೊಬೈಲನ್ನು ಹಿಡಿದು ಎರಡು ಮೀಟರು ಹಿಂದೆ ನಿಂತು, ಚಿತ್ರದ ಸುತ್ತಲಿನ ಅನವಶ್ಯಕ ಭಾಗವನ್ನು ಆಮೇಲೆ ಕತ್ತರಿಸಿದರೆ ಮುಖದ ಪ್ರಮಾಣ ಕೆಡುವುದಿಲ್ಲ. ಸೂಕ್ಷ್ಮ ವಿವರಗಳು ಮಾತ್ರ ಸ್ವಲ್ಪ ಕಡಿಮೆಯಾಗುವುವು. ಮುಂದಿನ ಹಬ್ಬಕ್ಕೆ ಊರಿಗೆ ಹೋದವಳು ಹಾಗೆಯೇ ಮಾಡಿದಳು. ಅಜ್ಜಿ ಈ ಸಲ ಚಿತ್ರವನ್ನು ಬಹಳ ಹೊತ್ತು ನೋಡಿ, "ಗೋಡೆಗೆ ಹಾಕ್ಸು" ಎಂದರಂತೆ. ಮ್ಯಾಕ್ರೊ ಮಸೂರಕ್ಕಾಗಿ ಆಕೆ ಈಗ ಹಣ ಕೂಡಿಸುತ್ತಿದ್ದಾಳೆ. ಹುಳುಗಳ ಚಿತ್ರ ಅಲ್ಲಿಯವರೆಗೆ ಕಾಯಬಹುದು. ಅಜ್ಜಿಯ ಚಿತ್ರ ಕಾಯುವಂತಿರಲಿಲ್ಲ.