ಯಾವ ಗಾಡಿಗೆ ಮೊದಲ ದಾರಿ?

ಹೊಸಪೇಟೆ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಸಂಡೂರಿನ ಗಣಿಯ ಅದಿರು ಹೊತ್ತ ಗೂಡ್ಸ್ ಗಾಡಿ ಪಕ್ಕದ ಹಳಿಯಲ್ಲಿ ಕಾಯುತ್ತಿರುತ್ತದೆ; ಹಿಂದಿನಿಂದ ಬಂದ ಹಂಪಿ ಎಕ್ಸ್‌ಪ್ರೆಸ್ ಅದನ್ನು ದಾಟಿ ಹೋಗುತ್ತದೆ. ಅಪಘಾತದ ಸ್ಥಳಕ್ಕೆ ಹೊರಟ ಪರಿಹಾರ ಗಾಡಿ ಬಂದರಂತೂ ಎಕ್ಸ್‌ಪ್ರೆಸ್ಸೂ ಬದಿಗೆ ಸರಿಯಬೇಕು. ಮೊದಲು ಬಂದವರಿಗೆ ಮೊದಲ ದಾರಿ ಎಂಬ ನ್ಯಾಯ ಇಲ್ಲಿ ಸಲ್ಲದು.

ಗಣಕಯಂತ್ರದ ತಂತ್ರಾಂಶದಲ್ಲೂ ಹೀಗೆಯೇ. ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕ್ರಿಯೆಗಳನ್ನೂ ಒಟ್ಟಿಗೆ ಕಟ್ಟಿದ ಘಟಕವೇ ಆಬ್ಜೆಕ್ಟ್. ಇಂಥ ಹಲವು ಘಟಕಗಳು ಸರದಿಗೆ ಕಾಯುವಾಗ, ಅವುಗಳನ್ನು ನಡೆಸುವ ಫ್ರೇಮ್‌ವರ್ಕ್ ಪ್ರತಿಯೊಂದರ ಆದ್ಯತೆಯ ಅಂಕಿ ನೋಡಿ ಕರೆಯುತ್ತದೆ. ಯಾವ ಅಂಕಿ ಮೇಲು? ಅದು ಎಲ್ಲೆಡೆ ಒಂದೇ ಅಲ್ಲ. ಜಾವಾ ಭಾಷೆಯ ಥ್ರೆಡ್‌ಗಳಲ್ಲಿ 1 ಕನಿಷ್ಠ, 10 ಗರಿಷ್ಠ. ವಿಎಕ್ಸ್‌ವರ್ಕ್ಸ್‌ನಲ್ಲಿ 0 ಎಲ್ಲಕ್ಕಿಂತ ಮೇಲು, 255 ಎಲ್ಲಕ್ಕಿಂತ ಕೆಳಗೆ. ಹೊಸಬರು ಎಡವುವುದು ಇಲ್ಲಿಯೇ! ಇನ್ನೊಂದು ಮಾತು: 1, 2, 3 ಎಂದು ಒತ್ತೊತ್ತಾಗಿ ಕೊಡದೆ 10, 20, 30 ಎಂದು ಕೊಟ್ಟರೆ, ನಾಳೆ ಬರುವ ಹೊಸ ಘಟಕಕ್ಕೆ ನಡುವೆ ಜಾಗವಿರುತ್ತದೆ.

ಅಂಕಿ ಕೊಟ್ಟ ಮಾತ್ರಕ್ಕೆ ಎಲ್ಲ ಸುಸೂತ್ರವೇ? ಒಂಟಿ ಹಳಿಯ ಮಾರ್ಗವೊಂದನ್ನು ಊಹಿಸಿಕೊಳ್ಳಿ. ಅದಿರಿನ ಗಾಡಿ ಆ ಹಳಿಯ ನಡುವೆ ಇದೆ. ಅದರ ಹಿಂದೆ ಎಕ್ಸ್‌ಪ್ರೆಸ್. ಮುಂದಿನ ನಿಲ್ದಾಣಕ್ಕೆ ಬೇರೊಂದು ಮಾರ್ಗದಿಂದ ಪ್ಯಾಸೆಂಜರ್ ಗಾಡಿಗಳು ಒಂದರ ಹಿಂದೊಂದು ಬರುತ್ತಿವೆ. ಗೂಡ್ಸ್‌ಗಿಂತ ಪ್ಯಾಸೆಂಜರ್ ಮೇಲು ಎಂದು ಅವುಗಳನ್ನೇ ಒಳಗೆ ಬಿಟ್ಟುಕೊಂಡರೆ ನಿಯಮವೇನೋ ಪಾಲನೆಯಾಯಿತು. ಎಲ್ಲಕ್ಕಿಂತ ಮೇಲಿನ ಎಕ್ಸ್‌ಪ್ರೆಸ್ ಮಾತ್ರ ನಿಂತೇ ಇದೆ. ಇದನ್ನು ಆದ್ಯತೆಯ ತಿರುವುಮುರುವು ಎನ್ನಬಹುದು.

1997ರ ಜುಲೈ 4ರಂದು ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯಲ್ಲಿ ಆದದ್ದು ಇದೇ. ಹವಾಮಾನದ ಮಾಹಿತಿ ಕಲೆಹಾಕುವ ಕೆಳದರ್ಜೆಯ ಕೆಲಸವೊಂದು ಹಂಚಿಕೆಯ ಸಂಪನ್ಮೂಲಕ್ಕೆ ಬೀಗ ಹಾಕಿಕೊಂಡಿತ್ತು. ಮೇಲ್ದರ್ಜೆಯ ಕೆಲಸ ಆ ಬೀಗಕ್ಕಾಗಿ ಕಾಯುತ್ತಿತ್ತು. ನಡುವಿನ ದರ್ಜೆಯ ಸಂಪರ್ಕದ ಕೆಲಸ ದೀರ್ಘಕಾಲ ನಡೆದು, ಬೀಗ ಹಿಡಿದಿದ್ದಕ್ಕೆ ಸರದಿಯೇ ಸಿಗದಂತೆ ಮಾಡಿತು. ಕಾವಲು ಗಡಿಯಾರವು ಏನೋ ಕೆಟ್ಟಿದೆಯೆಂದು ಭಾವಿಸಿ ಇಡೀ ಗಣಕವನ್ನು ಹೊಸದಾಗಿ ಆರಂಭಿಸುತ್ತಿತ್ತು. ಹೀಗೆ ಮತ್ತೆ ಮತ್ತೆ.

ಪರಿಹಾರ ಸರಳ: ಎಕ್ಸ್‌ಪ್ರೆಸ್ಸಿನ ದಾರಿ ಹಿಡಿದಿರುವಷ್ಟು ಹೊತ್ತು ಗೂಡ್ಸ್ ಗಾಡಿಗೂ ಎಕ್ಸ್‌ಪ್ರೆಸ್ಸಿನ ದರ್ಜೆ! ದಾರಿ ತೆರವಾದೊಡನೆ ಅದು ತನ್ನ ದರ್ಜೆಗೆ ಮರಳುತ್ತದೆ. ವಿಎಕ್ಸ್‌ವರ್ಕ್ಸ್‌ನಲ್ಲಿ ಈ ಸೌಲಭ್ಯ ಮೊದಲೇ ಇತ್ತು, ಆದರೆ ಆ ಬೀಗಕ್ಕೆ ಅನ್ವಯಿಸಿರಲಿಲ್ಲ. ಎಂಜಿನಿಯರುಗಳು ಭೂಮಿಯಿಂದಲೇ ಸಂದೇಶ ಕಳುಹಿಸಿ ಅದನ್ನು ಚಾಲೂ ಮಾಡಿದರು.